ಪಡಿಯಚ್ಚಿನ ಹಕ್ಕಿಗಳು: ಜಪಾನಿನ ಚಿತ್ರಮುದ್ರಣವೂ ನಮ್ಮ ಶಿಲಾಶಾಸನಪ್ರತಿಗಳೂ

ಶಿಲಾಶಾಸನದ ಮೇಲೆ ಒದ್ದೆಯ ಕಾಗದವನ್ನು ಹೊದಿಸಿ ಮಸಿಯಿಂದ ಅದರ ಪ್ರತಿಯನ್ನು ಪಡೆಯುವ ಕ್ರಮ ನಮ್ಮ ವಿದ್ವಜ್ಜನರಿಗೆ ಪರಿಚಿತವಾದುದೇ. ಇದೇ ಕ್ರಮವನ್ನು ಆಧಾರವಾಗಿಟ್ಟುಕೊಂಡು ಹದಿನೆಂಟನೆಯ ಶತಮಾನದ ಜಪಾನಿನಲ್ಲಿ ಹಕ್ಕಿಗಳ ಚಿತ್ರಗಳನ್ನು ಮುದ್ರಿಸಿದರೆಂಬುದು ಅಷ್ಟಾಗಿ ಪರಿಚಿತವಲ್ಲ. ಅಲ್ಲಿ ಕಲ್ಲಿಲ್ಲ, ಮರದ ಹಲಗೆಯಿದೆ. ಶಾಸನವಿಲ್ಲ, ಗಿಳಿಯೂ ಹೂಕೊಂಬೆಯೂ ಇವೆ. ಆದರೂ ಆ ಕಡುಕಪ್ಪು ಹಿನ್ನೆಲೆಯನ್ನು ಕಂಡೊಡನೆ ಶಾಸನದ ಪಡಿಯಚ್ಚನ್ನೇ ಕಂಡಂತಾಗುತ್ತದೆ. ಈ ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಪಡಿಯಚ್ಚಿನ ಪ್ರಾಮಾಣ್ಯವು ಎಲ್ಲಿದೆ, ಎಲ್ಲಿ ಇಲ್ಲ ಎಂಬುದು ತಿಳಿಯಾಗುತ್ತದೆ. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಪ್ರೇರಿಸಿದುದು ನನ್ನದೇ ಒಂದು ತಪ್ಪು. ಹಿರಿಯೂರು ಸೀಮೆಯ ಹರಿಯಬ್ಬೆಯ ಆಸುಪಾಸಿನಲ್ಲಿ, ಹೊಲವೊಂದರ ಬದುವಿಗೆ ಒರಗಿದ್ದ ಸವೆದ ಕಲ್ಲನ್ನು ನೋಡಲು ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಊರಿನ ಹೆಸರಿನ ತುದಿಯಲ್ಲಿರುವ ‘ಅಬ್ಬೆ’ ಎಂಬುದು ಅತ್ತಿಮಬ್ಬೆ, ಜಕ್ಕಿಯಬ್ಬೆ ಮೊದಲಾದ ಶ್ರಾವಿಕೆಯರ ಹೆಸರುಗಳನ್ನು ನೆನಪಿಗೆ ತರುತ್ತದೆ. ಹೆಸರಿನ ಧ್ವನಿಯ ಮೇಲೆ ಇತಿಹಾಸವನ್ನು ಕಟ್ಟಬಾರದೆಂದು ತಿಳಿದಿದ್ದರೂ ಮನಸ್ಸಿನ ಮೂಲೆಯಲ್ಲಿ ಒಂದು ಆಸೆಯಿತ್ತು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿದ್ದುದರಿಂದ ಅಕ್ಷರಗಳಿಗೆ ನೆರಳೇ ಇರಲಿಲ್ಲ. ಬೆರಳಿನಿಂದ ತಡವಿ, ಕಣ್ಣಳತೆಯಲ್ಲಿ ಬರೆದುಕೊಂಡ ಪ್ರತಿಯಲ್ಲಿ ಮೂರನೆಯ ಪಂಕ್ತಿಯ ನಡುವೆ ‘ಬಸದಿಗೆ’ ಎಂದು ನಿಸ್ಸಂದೇಹವಾಗಿ ಗುರುತುಹಾಕಿದೆ. ಮೂರು ದಿನಗಳ ತರುವಾಯ ಅದೇ ಕಲ್ಲಿನ ಪಡಿಯಚ್ಚನ್ನು ತೆಗೆದಾಗ ಆ ಸ್ಥಳದಲ್ಲಿ ಒಂದು ಚಕ್ಕೆ ಎದ್ದ ಗುರುತೂ ಕಲ್ಲುಹೂವಿನ ಒಂದು ಮಚ್ಚೆಯೂ ಇದ್ದುವೇ ಹೊರತು ನಾನು ಬರೆದುಕೊಂಡ ಅಕ್ಷರಗಳಿರಲಿಲ್ಲ. ಆ ಕಲ್ಲಿನ ವಾಚನ ಇನ್ನೂ ಮುಗಿದಿಲ್ಲವಾದುದರಿಂದ ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಕಣ್ಣು ಕಂಡದ್ದನ್ನು ಮಾತ್ರವಲ್ಲ, ಬಯಸಿದ್ದನ್ನೂ ಬರೆಯುತ್ತದೆ. ಒದ್ದೆಯ ಕಾಗದಕ್ಕೆ ಬಯಕೆಯಿಲ್ಲ. ಇಷ್ಟನ್ನು ಅಂದು ಕಲಿತೆ.

ಪದವಿವೇಚನೆ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ಕಲ್ಲಚ್ಚು’ ಎಂದರೆ ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಾಗದಕ್ಕೆ ಇಳಿಸುವ ಮುದ್ರಣ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಮುದ್ರಣಾಲಯದಲ್ಲಿ ಮೊದಲು ಬಳಕೆಯಲ್ಲಿದ್ದುದು ಅದೇ. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ನಮ್ಮ ಪ್ರಸ್ತುತ ವಿಷಯ ಅದಲ್ಲ. ಕಲ್ಲಿನಲ್ಲಿ ಮೊದಲೇ ಕಂಡರಿಸಿರುವ ಅಕ್ಷರವನ್ನೋ ಚಿತ್ರವನ್ನೋ ಕಾಗದದ ಮೇಲೆ ನೇರವಾಗಿ ಪಡೆಯುವುದಕ್ಕೆ ಇಲ್ಲಿ ‘ಪಡಿಯಚ್ಚು’ ಎಂದು ಹೇಳಿದೆ. ಸಂಸ್ಕೃತದ ‘ಪ್ರತಿ’ಯೇ ಪ್ರಾಕೃತದ ‘ಪಡಿ’. ಪ್ರತಿಮೆಯು ‘ಪಡಿಮಾ’ ಆಗುವುದನ್ನು ಬಲ್ಲ ಪಂಡಿತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜಪಾನೀಯರು ಕಲ್ಲಿನಿಂದ ಪಡೆದ ಪ್ರತಿಯನ್ನು ‘ತಾಕುಹೋನ್’ ಎನ್ನುತ್ತಾರೆ. ಅದೇ ಕ್ರಮದಲ್ಲಿ ಮರದ ಹಲಗೆಯಿಂದ ಪಡೆದ ಚಿತ್ರ ‘ತಾಕುಹಂಗ’. ಕಲ್ಲಿನ ಪ್ರತಿಯಂತೆ ತೋರುವ ಚಿತ್ರಗಳನ್ನೆಲ್ಲ ಸಾಮಾನ್ಯವಾಗಿ ‘ಇಶಿಜುರಿ-ಎ’ ಎಂದು ಕರೆಯುತ್ತಾರೆ. ‘ಇಶಿ’ ಎಂದರೆ ಕಲ್ಲು, ‘ಎ’ ಎಂದರೆ ಚಿತ್ರ. ಮೂರನೆಯ ಹೆಸರು ತೋರಿಕೆಯನ್ನು ಹೇಳುತ್ತದೆ. ಮೊದಲ ಎರಡು ಹೆಸರುಗಳು ಕ್ರಿಯೆಯನ್ನು ಹೇಳುತ್ತವೆ. ಈ ಭೇದವನ್ನು ನೆನಪಿಟ್ಟುಕೊಳ್ಳಬೇಕು.

ಮಸಿ ನಿಲ್ಲುವ ಮೂರು ಬಗೆ

ಬರಹವನ್ನು ಕೊರೆದು ಮಸಿಯಿಂದ ಕಾಣಿಸುವುದರಲ್ಲಿ ಮೂರು ಬಗೆಗಳುಂಟು.

ಮೊದಲನೆಯದು ನಮ್ಮ ತಾಳೆಗರಿಯದು. ಲಿಪಿಕಾರನು ಕಂಠದಿಂದ ಗರಿಯ ಮೈಯನ್ನು ಗೀರುತ್ತಾನೆ. ಗೀರಿದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಕಾಡಿಗೆಯನ್ನು ಸವರಿ ಒರೆಸಿದಾಗ ಮೇಲ್ಮೈಯ ಮಸಿ ಬಟ್ಟೆಗೆ ಹೋಗುತ್ತದೆ. ಗೀರಿನೊಳಗಿನ ಮಸಿ ಉಳಿಯುತ್ತದೆ. ಇಲ್ಲಿ ಮಸಿ ತಗ್ಗಿನಲ್ಲಿ ನಿಲ್ಲುತ್ತದೆ. ಅಕ್ಷರ ಕಪ್ಪು, ಗರಿ ಬಿಳುಪು.

ಎರಡನೆಯದು ಸಾಮಾನ್ಯ ಮರದಚ್ಚು. ತೆಳುಗಾಗದದ ಮೇಲಿನ ಬರಹವನ್ನು ಹಲಗೆಗೆ ಮುಖಕೆಳಗಾಗಿ ಅಂಟಿಸಿ, ಗೆರೆಗಳನ್ನು ಬಿಟ್ಟು ಉಳಿದುದನ್ನು ಕೆತ್ತಿ ತೆಗೆಯುತ್ತಾರೆ. ಹಲಗೆಯಲ್ಲಿ ಬರಹ ತಿರುವುಮುರುವಾಗಿ ಉಬ್ಬಿ ನಿಲ್ಲುತ್ತದೆ. ಉಬ್ಬಿಗೆ ಮಸಿ ಬಳಿದು, ಕಾಗದವನ್ನು ಮೇಲಿಟ್ಟು, ಬೆನ್ನ ಕಡೆಯಿಂದ ಉಜ್ಜುತ್ತಾರೆ. ಮಸಿ ಹಲಗೆಯಿಂದ ಕಾಗದಕ್ಕೆ ಬರುತ್ತದೆ, ತಿರುವಿದ್ದುದು ನೇರವಾಗುತ್ತದೆ.

ಮೂರನೆಯದು ಪಡಿಯಚ್ಚು. ಕಲ್ಲನ್ನು ಚೆನ್ನಾಗಿ ತೊಳೆದು, ನೆನೆಸಿದ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು, ಅಕ್ಷರದ ತಗ್ಗುಗಳೊಳಕ್ಕೆ ಕಾಗದವನ್ನು ಇಳಿಸುತ್ತಾರೆ. ಕಾಗದ ಅರೆಯಾರಿದ ಮೇಲೆ, ಮಸಿ ತೊಡೆದ ಬಟ್ಟೆಯ ಮೆತ್ತೆಯಿಂದ ಕಾಗದದ ಮೇಲ್ಮೈಯನ್ನು ಮೆಲ್ಲಮೆಲ್ಲನೆ ತಟ್ಟುತ್ತಾರೆ. ಸಮತಲದಲ್ಲಿರುವ ಕಾಗದಕ್ಕೆ ಮಸಿ ಹತ್ತುತ್ತದೆ. ತಗ್ಗಿಗೆ ಇಳಿದ ಕಾಗದಕ್ಕೆ ಮೆತ್ತೆ ತಾಗುವುದೇ ಇಲ್ಲ. ಹೀಗಾಗಿ ಹಿನ್ನೆಲೆ ಕಪ್ಪು, ಅಕ್ಷರ ಬಿಳುಪು. ಮಸಿ ಕಲ್ಲಿಗೆ ಸೋಕುವುದಿಲ್ಲ. ಕಲ್ಲಿಗೂ ಮಸಿಗೂ ನಡುವೆ ಕಾಗದವಿರುತ್ತದೆ. ಆದುದರಿಂದಲೇ ಪ್ರತಿಯು ತಿರುವುಮುರುವಾಗುವುದಿಲ್ಲ. ಕಲ್ಲಿನ ಮುಂದೆ ನಿಂತವನು ಯಾವ ಕಡೆಯಿಂದ ಓದುವನೋ ಅದೇ ಕಡೆಯಿಂದ ಪಡಿಯಚ್ಚನ್ನೂ ಓದಬಹುದು.

ಅಂದರೆ ಪಡಿಯಚ್ಚಿನಲ್ಲಿ ನಾವು ಓದುವುದು ಮಸಿಯನ್ನಲ್ಲ, ಮಸಿ ತಾಗದ ಜಾಗವನ್ನು. ಇದರ ಇನ್ನೊಂದು ಫಲವೂ ಇದೆ. ಉಳಿಯ ಏಟಿನಿಂದ ಆದ ತಗ್ಗನ್ನೂ ಮಳೆಗಾಳಿಗಳಿಂದ ಆದ ತಗ್ಗನ್ನೂ ಕಾಗದ ಬೇರೆಬೇರೆಯಾಗಿ ತೋರಿಸದು. ಎರಡೂ ಬಿಳುಪೇ. ಕಾಗದ ಸುಳ್ಳನ್ನು ಹೇಳುವುದಿಲ್ಲ. ಆದರೆ ವಿವೇಚನೆಯನ್ನೂ ಮಾಡುವುದಿಲ್ಲ. ವಿವೇಚನೆ ವಾಚಕನ ಹೊಣೆ.

ಚೀನದಿಂದ ಜಪಾನಿಗೆ

ಈ ವಿದ್ಯೆಯ ತವರು ಚೀನ. ಕ್ರಿ.ಶ. 175ರಿಂದ 183ರವರೆಗೆ ಲುವೊಯಾಂಗಿನಲ್ಲಿ ಅಲ್ಲಿನ ಶಾಸ್ತ್ರಗ್ರಂಥಗಳನ್ನು ಕಲ್ಲುಗಳ ಮೇಲೆ ಕೆತ್ತಿಸಿ ನಿಲ್ಲಿಸಿದರು. ಬೇರೆಬೇರೆ ಕೈಬರಹಗಳಲ್ಲಿ ಪಾಠಾಂತರಗಳು ಹೆಚ್ಚಿದಾಗ ಶುದ್ಧಪಾಠವನ್ನು ಸ್ಥಿರಗೊಳಿಸುವುದು ಅದರ ಉದ್ದೇಶ. ಕಲ್ಲಿನಿಂದ ಕಾಗದಕ್ಕೆ ಪ್ರತಿ ತೆಗೆಯುವ ಪದ್ಧತಿ ಅನಂತರ ಬೆಳೆಯಿತು. ಈಗ ಉಳಿದಿರುವ ಅತಿ ಹಳೆಯ ಪಡಿಯಚ್ಚುಗಳಲ್ಲಿ ಒಂದು ತಾಂಗ್ ವಂಶದ ಚಕ್ರವರ್ತಿ ತೈಝೊಂಗನ ಶಾಸನದ್ದು. ಅದರ ಮೇಲೆ 653ಕ್ಕೆ ಸಲ್ಲುವ ಕೈಬರಹದ ಟಿಪ್ಪಣಿಯಿದೆ. ದುನ್‌ಹುವಾಂಗಿನ ಗುಹೆಯಲ್ಲಿ ದೊರೆತ ಅದು ಈಗ ಪ್ಯಾರಿಸ್ಸಿನಲ್ಲಿದೆ.

ಪ್ರಸಿದ್ಧ ಲೇಖಕರ ಹಸ್ತಾಕ್ಷರಗಳನ್ನು ಕಲ್ಲಿಗೆ ಇಳಿಸಿ, ಅದರ ಪಡಿಯಚ್ಚುಗಳನ್ನು ಪುಸ್ತಕವಾಗಿ ಕಟ್ಟಿ, ವಿದ್ಯಾರ್ಥಿಗಳು ಅಕ್ಷರ ತಿದ್ದಲು ಬಳಸುತ್ತಿದ್ದರು. ಇಂತಹ ಮೇಲ್ಪಂಕ್ತಿಯ ಪುಸ್ತಕಗಳು ಜಪಾನಿಗೂ ಬಂದುವು. ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರವೆಂದರೆ ಪ್ರಾಚೀನವಾದುದು, ಪ್ರಮಾಣಭೂತವಾದುದು ಎಂಬ ಭಾವನೆ ಅಲ್ಲಿನ ವಿದ್ಯಾವಂತರಲ್ಲಿ ಬೇರೂರಿತು. ಈ ಭಾವನೆಯನ್ನೇ ಚಿತ್ರಕಾರನೊಬ್ಬನು ಕಲೆಗೆ ತಿರುಗಿಸಿದನು.

ಇತೋ ಜಾಕುಚು ಮತ್ತು ಅವನ ಹಕ್ಕಿಗಳು

ಇತೋ ಜಾಕುಚು (1716–1800) ಕ್ಯೋತೋ ನಗರದ ನಿಶಿಕಿ ಪೇಟೆಯಲ್ಲಿ ತರಕಾರಿಯ ಸಗಟು ವ್ಯಾಪಾರಿಯ ಮಗ. ನಲವತ್ತರ ವಯಸ್ಸಿನಲ್ಲಿ ಮನೆತನದ ವ್ಯಾಪಾರವನ್ನು ತಮ್ಮನಿಗೊಪ್ಪಿಸಿ ಚಿತ್ರಕಲೆಗೆ ತನ್ನನ್ನು ತೆತ್ತುಕೊಂಡ ಗೃಹಸ್ಥ ಉಪಾಸಕ. ಅಂಗಳದಲ್ಲಿ ಕೋಳಿಗಳನ್ನು ಸಾಕಿ, ಅವುಗಳ ನಿಲುವು ನಡೆಗಳನ್ನು ದಿನದಿನವೂ ನೋಡಿ ಬರೆಯುವುದನ್ನು ಕಲಿತನು. ಶೋಕೋಕುಜಿ ಮಠದ ಯತಿ ದೈತೆನ್ ಅವನ ಮಿತ್ರ ಮತ್ತು ಮಾರ್ಗದರ್ಶಿ. ಮಾರಾಟಕ್ಕಿಟ್ಟಿದ್ದ ಹತ್ತಾರು ಗುಬ್ಬಿಗಳನ್ನು ಜಾಕುಚು ಕೊಂಡು ತನ್ನ ತೋಟದಲ್ಲಿ ಬಿಟ್ಟುಬಿಟ್ಟನೆಂಬ ಸಂಗತಿ ದೈತೆನ್ ಬರೆದ ವೃತ್ತಾಂತದಿಂದ ತಿಳಿಯುತ್ತದೆ. ಜೀವದಯೆಯನ್ನು ಧರ್ಮದ ಮೂಲವೆಂದು ತಿಳಿದ ನಮ್ಮ ಓದುಗರಿಗೆ ಈ ಸಂಗತಿ ಪ್ರಿಯವಾದೀತು. ಶಾಸನಾಭ್ಯಾಸಿಗಳಿಗೆ ಇನ್ನೊಂದು ಸ್ವಾರಸ್ಯವಿದೆ. ಜಾಕುಚು ಬದುಕಿದ್ದಾಗಲೇ, 1766ರಲ್ಲಿ, ಅವನಿಗಾಗಿ ಸ್ಮಾರಕಶಿಲೆಯೊಂದು ಸಿದ್ಧವಾಯಿತು. ಅದರ ಬರಹವನ್ನು ರಚಿಸಿದವನೂ ದೈತೆನನೇ. ಈ ಚಿತ್ರಕಾರನ ಚರಿತ್ರೆಗೆ ಮುಖ್ಯ ಆಕರ ಆ ಶಿಲಾಲೇಖ.

1767ರ ವಸಂತದಲ್ಲಿ ಇವರಿಬ್ಬರೂ ಯೊದೊ ನದಿಯಲ್ಲಿ ದೋಣಿಯೇರಿ ಕ್ಯೋತೋದಿಂದ ಓಸಾಕಾದ ಕಡೆಗೆ ಪಯಣಿಸಿದರು. ಆ ಪಯಣದ ನೋಟಗಳನ್ನು ಜಾಕುಚು ಉದ್ದನೆಯ ಸುರುಳಿಯಾಗಿ ಪಡಿಯಚ್ಚಿನ ಕ್ರಮದಲ್ಲಿ ಮುದ್ರಿಸಿದನು. ದೈತೆನನ ಸಣ್ಣ ಪದ್ಯಗಳು ನಡುನಡುವೆ ಬರುತ್ತವೆ. ಆಕಾಶ ಕಪ್ಪು, ದಡ, ಮನೆ, ದೋಣಿ ಬೂದು ಬಿಳುಪು. 1768ರಲ್ಲಿ ಹೂ, ಕಾಯಿ, ಕೀಟಗಳ ಚಿತ್ರಸಂಪುಟವೊಂದು ಅದೇ ರೀತಿಯಲ್ಲಿ ಹೊರಬಂದಿತು. ಅದರ ಹೆಸರು ‘ಗೆಂಪೋ ಯೋಕಾ’. ಹುಳು ಕೊರೆದ ಎಲೆಯ ತೂತುಗಳೂ ಅದರಲ್ಲಿ ಸ್ಪಷ್ಟವಾಗಿ ಮೂಡಿವೆ.

1771ರ ಹಕ್ಕಿಯ ಚಿತ್ರಗಳು ಆರು. ಗಿಳಿಗಳು, ಜುಟ್ಟುಳ್ಳ ಬಿಳಿಯ ಗಿಳಿ, ಹಿಮ ಹೊತ್ತ ಕೊಂಬೆಯ ನಡುವೆ ಹೊಂಬಣ್ಣದ ಕಾಡುಕೋಳಿ ಜಾತಿಯ ಹಕ್ಕಿ ಮೊದಲಾದವು ಅವುಗಳಲ್ಲಿವೆ. ಹಿನ್ನೆಲೆ ಪೂರ್ತಿಯಾಗಿ ಕಪ್ಪು. ಆದರೆ ಇವು ಬರಿಯ ಕಪ್ಪುಬಿಳುಪಿನ ಚಿತ್ರಗಳಲ್ಲ. ಆಕಾರಕ್ಕೆ ತಕ್ಕಂತೆ ಕೊರೆದ ಕಾಗದವನ್ನು ಮೇಲಿಟ್ಟು, ಕೊರೆದ ಜಾಗದಲ್ಲಿ ಬಣ್ಣ ಹಚ್ಚುವ ಇನ್ನೊಂದು ವಿಧಾನವನ್ನೂ ಇಲ್ಲಿ ಸೇರಿಸಿದ್ದಾರೆ. ಇವುಗಳ ಮೂಲಪ್ರತಿಗಳು ತೀರ ವಿರಳ. 20ನೆಯ ಶತಮಾನದ ಆರಂಭದಲ್ಲಿ ಹೊಸದಾಗಿ ಹಲಗೆ ಕೊರೆದು ಮುದ್ರಿಸಿದ ಪ್ರತಿಗಳೇ ಹೆಚ್ಚಾಗಿ ಕಾಣಸಿಗುತ್ತವೆ. ಮಾತೃಕೆಯನ್ನೂ ಅದರ ಪ್ರತಿಯ ಪ್ರತಿಯನ್ನೂ ಬೇರ್ಪಡಿಸುವ ಕೆಲಸ ತಾಳೆಗರಿಯವರಿಗೆ ಮಾತ್ರ ಮೀಸಲಲ್ಲವೆಂದು ಇದರಿಂದ ತಿಳಿಯಬಹುದು.

ಹಲಗೆಯನ್ನು ಸಿದ್ಧಪಡಿಸುವ ಬಗೆಯೂ ಸಾಮಾನ್ಯ ಮರದಚ್ಚಿಗೆ ವಿರುದ್ಧ. ಚಿತ್ರವನ್ನು ತಿರುವದೆ ನೇರವಾಗಿಯೇ ಹಲಗೆಗೆ ಇಳಿಸಿ, ಬಿಳುಪಾಗಿ ಕಾಣಬೇಕಾದ ಭಾಗವನ್ನು ತಗ್ಗಾಗಿ ಕೊರೆಯುತ್ತಾರೆ. ನೆನೆಸಿದ ಕಾಗದವನ್ನು ಹೊದಿಸಿ, ತಗ್ಗಿಗೆ ಒತ್ತಿ, ಮೇಲಿನಿಂದ ಮಸಿ ತಟ್ಟುತ್ತಾರೆ. ಜಪಾನಿನಲ್ಲಿ ಕಾಗದುಪ್ಪುನೇರಳೆಯ ಜಾತಿಯ ಗಿಡದ ತೊಗಟೆಯ ನಾರಿನಿಂದ ಮಾಡುವ ಕಾಗದ ತೆಳ್ಳಗಿದ್ದರೂ ಗಟ್ಟಿ. ಒದ್ದೆಯಾದರೂ ಬೇಗ ಹರಿಯದು.

ಮುಂದೆ ಹಿರೋಶಿಗೆ (1797–1858) ಮೊದಲಾದವರ ಕಾಲಕ್ಕೆ ಕಪ್ಪು ಅಥವಾ ನೀಲಿಯ ಮೇಲೆ ಬಿಳಿಯ ಗೆರೆಯ ಹೂ–ಹಕ್ಕಿಗಳ ಚಿತ್ರಗಳು ಜನಪ್ರಿಯವಾದುವು. ಇಂತಹ ಚಿತ್ರಗಳನ್ನು ಸಾಮಾನ್ಯ ಮರದಚ್ಚಿನಂತೆ, ಹಲಗೆಗೆ ಮಸಿ ಬಳಿದು ಬೆನ್ನಿನಿಂದ ಉಜ್ಜಿಯೂ ಮುದ್ರಿಸಬಹುದು. ಆಗ ತೋರಿಕೆ ಪಡಿಯಚ್ಚಿನದು, ಕ್ರಿಯೆ ಬೇರೆ.

ತೋರಿಕೆಯೂ ಸ್ಪರ್ಶವೂ

ಈಗ ನಮ್ಮ ಪ್ರಶ್ನೆಗೆ ಬರಬಹುದು. ಒಂದು ಹಾಳೆಯಲ್ಲಿ ಶಾಸನ, ಇನ್ನೊಂದರಲ್ಲಿ ಗಿಳಿ. ಎರಡೂ ಕಪ್ಪು ಹಿನ್ನೆಲೆಯ ಬಿಳಿಯ ಆಕೃತಿಗಳು. ಮೊದಲನೆಯದನ್ನು ಪ್ರಮಾಣವೆನ್ನುತ್ತೇವೆ, ಎರಡನೆಯದನ್ನು ಕಲೆಯೆನ್ನುತ್ತೇವೆ. ಏಕೆ?

ಶಾಸನದ ಕಾಗದವು ಶಾಸನವನ್ನೇ ಮುಟ್ಟಿದೆ. ಗಿಳಿಯ ಕಾಗದ ಗಿಳಿಯನ್ನು ಮುಟ್ಟಿಲ್ಲ, ಗಿಳಿಯ ಆಕಾರವನ್ನು ಕೊರೆದ ಹಲಗೆಯನ್ನು ಮುಟ್ಟಿದೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುವ ನಮ್ಮ ಶಾಸ್ತ್ರಕಾರರು ಸ್ಥಾಪನೆಯಲ್ಲಿ ತದಾಕಾರ, ಅತದಾಕಾರ ಎಂಬ ಎರಡು ಭೇದಗಳನ್ನು ಮಾಡಿದ್ದಾರೆ. ಚದುರಂಗದ ಕಾಯಿಯನ್ನು ಆನೆಯೆಂದು ಭಾವಿಸುವುದು ಅತದಾಕಾರ. ಆನೆಯ ಆಕಾರವಿರುವ ಪ್ರತಿಮೆ ತದಾಕಾರ. ಜಾಕುಚುವಿನ ಹಕ್ಕಿ ತದಾಕಾರ ಸ್ಥಾಪನೆ. ಶಾಸನದ ಪಡಿಯಚ್ಚೂ ತದಾಕಾರವೇ. ಆದರೆ ಅದರ ಆಕಾರ ಚಿತ್ರಕಾರನ ಕಣ್ಣಿನಿಂದ ಬಂದುದಲ್ಲ, ವಸ್ತುವಿನ ಸ್ಪರ್ಶದಿಂದ ಬಂದುದು. ಆಕಾರ ಹೋಲುತ್ತದೆಂಬುದರಿಂದಲೇ ಪ್ರಾಮಾಣ್ಯ ಬರುವುದಿಲ್ಲ. ಆ ಆಕಾರ ಬಂದ ದಾರಿಯಿಂದ ಬರುತ್ತದೆ.

1771ರ ಹಕ್ಕಿಗಳಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಕಪ್ಪು ಹಿನ್ನೆಲೆ ಹಲಗೆಯ ಸ್ಪರ್ಶದಿಂದ ಬಂದುದು; ಬಣ್ಣ ಅನಂತರ ಸೇರಿಸಿದುದು. ಒಂದೇ ಹಾಳೆಯಲ್ಲಿ ಎರಡು ಕೈಗಳ ಕೆಲಸ. ಕಲಾಕೃತಿಯಲ್ಲಿ ಇದು ಗುಣ. ಶಾಸನದ ಪ್ರತಿಯಲ್ಲಿ ಇದೇ ದೋಷವಾಗುತ್ತದೆ. ನಮ್ಮಲ್ಲಿ ಈ ದೋಷಕ್ಕೆ ಒಂದು ಚರಿತ್ರೆಯೇ ಇದೆ.

ನಮ್ಮ ಶಾಸನಪ್ರತಿಗಳ ದಾರಿ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರ್ನಲ್ ಮೆಕೆಂಜಿಯವರು ಮೈಸೂರು ಸೀಮೆಯಲ್ಲಿ ಶಾಸನಗಳನ್ನು ಸಂಗ್ರಹಿಸಿದಾಗ ಹಳಗನ್ನಡ ಲಿಪಿಯನ್ನು ಓದಿ ಅವರಿಗೆ ನೆರವಾದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯವರ ಭಾವಚಿತ್ರದಲ್ಲಿ ತಾಳೆಗರಿಯನ್ನು ಹಿಡಿದು ನಿಂತವರು ಇವರೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆ ಕಾಲದ ಪ್ರತಿಗಳು ಕಣ್ಣಿನಿಂದ ನೋಡಿ ಕೈಯಿಂದ ಬರೆದವು. ಅವುಗಳ ಬೆಲೆ ದೊಡ್ಡದು. ಆದರೆ ಬರೆದವರ ಓದು ಎಷ್ಟು ಶುದ್ಧವೋ ಪ್ರತಿಯೂ ಅಷ್ಟೇ ಶುದ್ಧ.

1877ರಲ್ಲಿ ಕನಿಂಗ್ಹ್ಯಾಮ್ ಅವರು ಅಶೋಕನ ಶಾಸನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದಾಗ ಅದರ ಫಲಕಗಳು ಕೈಯಿಂದ ಬರೆದವೇ ಆಗಿದ್ದುವು. ಪಡಿಯಚ್ಚಿನಿಂದ ಫಲಕ ಮಾಡುವ ಪದ್ಧತಿ ಬಂದ ಮೇಲೂ, ಅಸ್ಪಷ್ಟವಾದ ಅಕ್ಷರವನ್ನು ಕುಂಚದಿಂದ ‘ಸ್ಪಷ್ಟಗೊಳಿಸುವ’ ಚಾಳಿ ಹೋಗಲಿಲ್ಲ. ಫ್ಲೀಟ್ ಅವರು 1888ರಲ್ಲಿ ಗುಪ್ತರ ಶಾಸನಗಳ ಸಂಪುಟವನ್ನು ಹೊರತಂದಾಗ, ಕೈ ಸೋಕದ ಯಾಂತ್ರಿಕ ಪ್ರತಿಗಳಿಗೇ ಪ್ರಾಧಾನ್ಯ ಕೊಟ್ಟರು. ತಿದ್ದಿದ ಫಲಕ ಸಂಪಾದಕನ ಓದನ್ನೇ ಮತ್ತೊಮ್ಮೆ ಹೇಳುತ್ತದೆ. ತಿದ್ದದ ಫಲಕ ಆ ಓದನ್ನು ಪರೀಕ್ಷಿಸಲು ಓದುಗನಿಗೆ ಅವಕಾಶ ಕೊಡುತ್ತದೆ. ತಿದ್ದಿದ ಫಲಕವೆಂದರೆ, ನಮ್ಮ ಪರಿಭಾಷೆಯಲ್ಲಿ, ಬಣ್ಣ ಸೇರಿಸಿದ ಹಕ್ಕಿ.

ಚಿತ್ರದುರ್ಗ ಜಿಲ್ಲೆಯಲ್ಲಿಯೇ ಎರಡು ನಿದರ್ಶನಗಳಿವೆ. ಮೊದಲನೆಯದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯದು. ಅಲ್ಲಿಯೂ ಸಮೀಪದ ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ರೈಸ್ ಅವರು ಬೆಳಕಿಗೆ ತಂದರು. ಬ್ರಾಹ್ಮೀ ಲಿಪಿಯ ಆ ಶಾಸನವನ್ನು ಬರೆದ ಚಪಡನೆಂಬವನು ತಾನು ಲಿಪಿಕಾರನೆಂದು ಹೇಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯನ್ನು ಅರಿಯದವನು ಕಣ್ಣಳತೆಯಲ್ಲಿ ಪ್ರತಿ ಮಾಡಿದ್ದರೆ ಅದನ್ನು ಅಲಂಕಾರದ ಗೆರೆಗಳೆಂದು ಬಿಟ್ಟುಬಿಡಬಹುದಾಗಿತ್ತು, ಇಲ್ಲವೇ ತನಗೆ ಗೊತ್ತಿದ್ದ ಅಕ್ಷರಗಳಾಗಿ ಮಾರ್ಪಡಿಸಬಹುದಾಗಿತ್ತು. ಪ್ರತಿ ತೆಗೆಯುವವನಿಗೆ ತಿಳಿಯದುದನ್ನೂ ಉಳಿಸಿಕೊಡುವುದು ಪಡಿಯಚ್ಚಿನ ಗುಣ.

ಎರಡನೆಯದು ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯ ಬಂಡೆ. ಕದಂಬ ಮಯೂರಶರ್ಮನ ಮೂರು ಪಂಕ್ತಿಗಳ ಪ್ರಾಕೃತ ಶಾಸನವನ್ನು 1929ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿ ಪ್ರಕಟಿಸಿದರು.  ತ್ರೈಕೂಟ, ಆಭೀರ, ಪಲ್ಲವ ಮೊದಲಾದ ಹೆಸರುಗಳನ್ನು ಅವರು ಅದರಲ್ಲಿ ಓದಿದರು. ಮುಂದಿನ ವಿದ್ವಾಂಸರೆಲ್ಲರೂ ಆ ಓದನ್ನು ಒಪ್ಪಲಿಲ್ಲ. ಒರಟಾದ ಬಂಡೆಯ ಮೇಲೆ ಯಾವುದು ಉಳಿಯ ಗೆರೆ, ಯಾವುದು ಕಲ್ಲಿನ ಬಿರುಕು ಎಂಬಲ್ಲಿಯೇ ತೊಡಕು. ಕಾಗದವು ಎರಡನ್ನೂ ಬಿಳುಪಾಗಿಯೇ ತೋರಿಸುತ್ತದೆಂದು ಹಿಂದೆ ಹೇಳಿದೆ. ಪಡಿಯಚ್ಚಿನ ಶಕ್ತಿಗೆ ಬ್ರಹ್ಮಗಿರಿಯೂ ಅದರ ಮಿತಿಗೆ ಚಂದ್ರವಳ್ಳಿಯೂ ಸಾಕ್ಷಿ.

ಶ್ರವಣಬೆಳಗೊಳದ ಸಂಪುಟದ ಚರಿತ್ರೆಯೂ ಗಮನಾರ್ಹ. 1889ರಲ್ಲಿ ರೈಸ್ ಅವರ ಆವೃತ್ತಿಯಲ್ಲಿ 144 ಶಾಸನಗಳಿದ್ದುವು, 1923ರಲ್ಲಿ ಆರ್. ನರಸಿಂಹಾಚಾರ್ ಅವರ ಆವೃತ್ತಿಯಲ್ಲಿ 500. 1973ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಆವೃತ್ತಿಯಲ್ಲಿ 573. ಬೆಟ್ಟದ ಮೇಲೆ ಶಾಸನಗಳು ಹೊಸದಾಗಿ ಹುಟ್ಟಲಿಲ್ಲ. ಮತ್ತೆ ಮತ್ತೆ ಹೋಗಿ, ತೊಳೆದು, ಒತ್ತಿ, ನೋಡಿದುದರ ಫಲವದು.

ನಮ್ಮ ಕಲ್ಲುಗಳ ಹಕ್ಕಿಗಳು

ನಮ್ಮ ಕಲ್ಲುಗಳಲ್ಲಿಯೂ ಹಕ್ಕಿಗಳಿವೆ. ಕೆಲವು ಹೆಸರಿನಲ್ಲಿವೆ: ಶ್ರವಣಬೆಳಗೊಳದ ಶಾಸನಗಳ ಗುರುಪರಂಪರೆಯಲ್ಲಿ ಬರುವ ಗೃಧ್ರಪಿಂಛ, ಬಲಾಕಪಿಂಛ ಎಂಬ ಆಚಾರ್ಯರ ಹೆಸರುಗಳು ಹದ್ದಿನ ಗರಿಯನ್ನೂ ಬೆಳ್ಳಕ್ಕಿಯ ಗರಿಯನ್ನೂ ಹೇಳುತ್ತವೆ. ಕೆಲವು ಮೂರ್ತಿಯಾಗಿವೆ: ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಕಂಬದ ತುದಿಯ ಗಂಡಭೇರುಂಡ ಪ್ರಸಿದ್ಧವಾದುದು. ಇಂತಹ ದುಂಡುಶಿಲ್ಪಕ್ಕೆ ಪಡಿಯಚ್ಚು ಒದಗದು; ಕಾಗದ ಹರಿದುಹೋಗುತ್ತದೆ. ಚಪ್ಪಟೆಯಾಗಿ ಉಬ್ಬಿದ ಕೆತ್ತನೆಗೆ ಮಾತ್ರ ಅದು ಒಗ್ಗುತ್ತದೆ. ಚೀನದ ಶಾಂದೊಂಗ್ ಪ್ರಾಂತದಲ್ಲಿರುವ ಎರಡನೆಯ ಶತಮಾನದ ವೂ ಲಿಯಾಂಗ್ ಸ್ಮಾರಕದ ಕೆತ್ತನೆಗಳು ಹಾಗಿವೆ. ಅಲ್ಲಿ ಆಕೃತಿ ಉಬ್ಬಿರುವುದರಿಂದ ಪಡಿಯಚ್ಚಿನಲ್ಲಿ ಆಕೃತಿಯೇ ಕಪ್ಪು, ಹಿನ್ನೆಲೆ ಬಿಳುಪು.

ನಮಗೆ ಅತ್ಯಂತ ಮುಖ್ಯವಾದ ಹಕ್ಕಿ ಜಿನಬಿಂಬದ ಪೀಠದ ಮೇಲಿನದು. ದಿಗಂಬರ ಪರಂಪರೆಯಂತೆ ಐದನೆಯ ತೀರ್ಥಂಕರ ಸುಮತಿನಾಥರ ಲಾಂಛನ ಚಕ್ರವಾಕ. ಶ್ವೇತಾಂಬರರಲ್ಲಿ ಅದು ಕ್ರೌಂಚ. ಅವರಲ್ಲಿ ಅನಂತನಾಥರಿಗೆ ಶ್ಯೇನ ಲಾಂಛನ, ದಿಗಂಬರರಲ್ಲಿ ಕರಡಿ. ಪೀಠದ ಬರಹ ನಶಿಸಿಹೋಗಿ, ಲಾಂಛನವೂ ಸವೆದಿರುವ ಬಿಂಬದಲ್ಲಿ, ಆ ಸಣ್ಣ ಆಕೃತಿಯ ಕೊಕ್ಕು, ಕೊರಳು, ಕಾಲುಗಳ ಗೆರೆಯ ಮೇಲೆಯೇ ಮೂರ್ತಿ ಯಾರದು, ಯಾವ ಆಮ್ನಾಯದ್ದು ಎಂಬುದರ ನಿರ್ಣಯ ನಿಂತಿರುತ್ತದೆ. ಅಲ್ಲಿ ಒಂದು ಹಕ್ಕಿಯನ್ನು ತಪ್ಪಾಗಿ ಕಂಡರೆ ಒಬ್ಬ ತೀರ್ಥಂಕರನ ಹೆಸರೇ ತಪ್ಪುತ್ತದೆ.

ಆದರೆ ಪ್ರತಿ ತೆಗೆಯುವಾಗ ನಾವು ಸಾಮಾನ್ಯವಾಗಿ ಮಾಡುವುದೇನು? ಅಕ್ಷರವಿರುವ ಭಾಗಕ್ಕೆ ಮಾತ್ರ ಕಾಗದ ಹೊದಿಸುತ್ತೇವೆ. ಮೇಲಿನ ಸೂರ್ಯಚಂದ್ರರು, ನಿಷಿಧಿಯ ಕಲ್ಲಿನ ಯತಿಯ ಕೈಯಲ್ಲಿನ ಪಿಂಛ, ಪೀಠದ ಲಾಂಛನ ಇವೆಲ್ಲ ಕಾಗದದ ಅಂಚಿನಾಚೆ ಉಳಿಯುತ್ತವೆ. ಕಲ್ಲು ಇರುವವರೆಗೆ ಇದು ಸಣ್ಣ ಕೊರತೆ. ಕಲ್ಲು ಒಡೆದರೆ, ಗೋಡೆಗೆ ಸೇರಿದರೆ, ಸುಣ್ಣದಡಿ ಮುಚ್ಚಿಹೋದರೆ, ಆ ಅಂಚೇ ನಮ್ಮ ಜ್ಞಾನದ ಅಂಚಾಗುತ್ತದೆ.

ಕರ್ತವ್ಯ

ಮೇಲಿನ ವಿಚಾರಗಳಿಂದ ಕೆಲವು ನಿಯಮಗಳನ್ನು ಸೂಚಿಸಬಹುದು.

ಒಂದು: ಪ್ರಕಟಿಸುವ ಪ್ರತಿ ಫಲಕದ ಕೆಳಗೂ ಅದು ಬಂದ ದಾರಿಯನ್ನು ಬರೆಯಬೇಕು. ಕಣ್ಣಳತೆಯ ಪ್ರತಿಯೇ, ಪಡಿಯಚ್ಚೇ, ಛಾಯಾಚಿತ್ರವೇ, ತಿದ್ದಿದುದೇ, ತಿದ್ದದುದೇ ಎಂಬುದು ಓದುಗನಿಗೆ ತಿಳಿಯಬೇಕು.

ಎರಡು: ಸಾಧ್ಯವಿರುವೆಡೆ ಕಲ್ಲಿನ ಪೂರ್ಣ ಮುಖಕ್ಕೆ ಕಾಗದ ಹೊದಿಸಬೇಕು. ಆಕೃತಿಗಳು ಎತ್ತರವಾಗಿ ಉಬ್ಬಿದ್ದರೆ ಓರೆಯ ಬೆಳಕಿನಲ್ಲಿ ಛಾಯಾಚಿತ್ರ ತೆಗೆದು ಪಡಿಯಚ್ಚಿನೊಡನೆ ಇಡಬೇಕು.

ಮೂರು: ಪೂಜೆಗೊಳ್ಳುತ್ತಿರುವ ಬಿಂಬಕ್ಕೆ ಕಾಗದವನ್ನಾಗಲಿ ಮಸಿಯನ್ನಾಗಲಿ ಒಯ್ಯಕೂಡದು. ಮಸಿ ಕಲ್ಲಿಗೆ ತಾಗುವುದಿಲ್ಲವೆಂಬುದು ಪಳಗಿದ ಕೈಗೆ ಮಾತ್ರ ನಿಜ. ಅಂತಹ ಬಿಂಬಗಳಿಗೆ ಬೆಳಕೇ ಸಾಕು. ಈಚೆಗೆ ಕಲ್ಲನ್ನು ಮುಟ್ಟದೆಯೇ ಅದರ ಏರುತಗ್ಗುಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಉಪಕರಣಗಳು ಬಂದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳನ್ನು ಈ ರೀತಿಯಲ್ಲಿ ದಾಖಲಿಸತೊಡಗಿದರು. ತಗ್ಗಿನ ಆಳವನ್ನು ಅಳೆಯಬಲ್ಲ ಈ ವಿಧಾನವು ಬಿರುಕನ್ನೂ ಅಕ್ಷರವನ್ನೂ ಬೇರ್ಪಡಿಸಲು ಪಡಿಯಚ್ಚಿಗಿಂತ ಹೆಚ್ಚು ನೆರವಾಗುತ್ತದೆ.

ನಾಲ್ಕು: ಹಳೆಯ ಪಡಿಯಚ್ಚುಗಳನ್ನು ಹಸ್ತಪ್ರತಿಗಳೆಂದೇ ಭಾವಿಸಿ ಕಾಪಾಡಬೇಕು. ಅವುಗಳನ್ನು ಬಿಗಿಯಾಗಿ ಮಡಚಿಟ್ಟರೆ ಮಡಿಕೆಯಲ್ಲಿ ಕಾಗದ ಮುರಿಯುತ್ತದೆ. ಮೇಲೆ ಭಾರ ಹೇರಿದರೆ ಅಕ್ಷರದ ತಗ್ಗು ಚಪ್ಪಟೆಯಾಗುತ್ತದೆ. ಕಲ್ಲು ನಾಶವಾಗಿರುವಲ್ಲಿ ಆ ಕಾಗದವೇ ಮಾತೃಕೆ. ಶ್ರುತಪಂಚಮಿಯಂದು ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಮತ್ತೆ ಕಟ್ಟುವ ನಮಗೆ ಈ ಎಚ್ಚರ ಹೊಸದಲ್ಲ. ಅದೇ ದಿನ ಪಡಿಯಚ್ಚುಗಳ ಪೆಟ್ಟಿಗೆಯನ್ನೂ ತೆರೆದು ನೋಡುವುದು ಒಳ್ಳೆಯದು.

ಕೊನೆಯದಾಗಿ ಒಂದು ಪರೀಕ್ಷೆ. ಕಪ್ಪು ಹಾಳೆಯೊಂದು ಕೈಗೆ ಬಂದಾಗ ಅದನ್ನು ತಿರುಗಿಸಿ ಬೆನ್ನನ್ನು ನೋಡಬೇಕು. ನಿಜವಾದ ಪಡಿಯಚ್ಚಿನಲ್ಲಿ, ತಗ್ಗಿಗೆ ಇಳಿದಿದ್ದ ಕಾಗದ ಬೆನ್ನ ಕಡೆಗೆ ಉಬ್ಬಿರುತ್ತದೆ. ಅಕ್ಷರಗಳು ತಿರುವುಮುರುವಾಗಿ ಬೆರಳಿಗೆ ಸಿಕ್ಕುತ್ತವೆ. ಹಲಗೆಗೆ ಮಸಿ ಬಳಿದು ಮುದ್ರಿಸಿದ ಹಾಳೆಯ ಬೆನ್ನಿನಲ್ಲಿ ಉಜ್ಜಿದ ಗುರುತುಗಳಿರುತ್ತವೆ. ಕೈಯಿಂದ ಬರೆದುದರ ಬೆನ್ನಿನಲ್ಲಿ ಯಾವ ಉಬ್ಬೂ ಇರುವುದಿಲ್ಲ. ಹರಿಯಬ್ಬೆಯ ಬಳಿಯ ಕಲ್ಲಿನ ಕಾಗದವನ್ನು ನಾನು ಹಾಗೆಯೇ ತಿರುಗಿಸಿ, ಮೂರನೆಯ ಪಂಕ್ತಿಯ ಬೆನ್ನನ್ನು ಹಲವು ಸಲ ತಡವಿ ನೋಡಿದೆ. ನಾನು ಓದಿದ್ದ ‘ಬಸದಿಗೆ’ ಅಲ್ಲಿರಲಿಲ್ಲ. ಅದರ ಪಕ್ಕದಲ್ಲಿ, ನಾನು ಕಣ್ಣಳತೆಯ ಪ್ರತಿಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಎರಡು ಅಕ್ಷರಗಳು ಸ್ಪಷ್ಟವಾಗಿ ಉಬ್ಬಿದ್ದುವು. ಅವುಗಳನ್ನು ನಾನು ನೋಡಿಯೇ ಇರಲಿಲ್ಲ.